ಎರಡು ಸಲ ರಕ್ತ ಕೊಡದೆ ಮರಳಿದ್ದೇವೆ: ಸ್ವಲೀನತೆ ಇರುವವರನ್ನು ದವಾಖಾನೆಗೆ ಕರೆದೊಯ್ಯುವುದು ಹೇಗೆ?

ನವನಗರದ ಅವ್ವ (ಬಾಗಲಕೋಟೆ) · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹದಿಮೂರು ವರ್ಷ. ಸ್ವಲೀನತೆಯ ಜೊತೆಗೆ, ಅಂದರೆ ಎಲ್ಲರೂ ಆಟಿಸಂ ಎನ್ನುವುದರ ಜೊತೆಗೆ, ಅವನಿಗೆ ಮೂರ್ಛೆರೋಗವೂ ಇದೆ. ಅದಕ್ಕಾಗಿ ಸೋಡಿಯಂ ವಾಲ್ಪ್ರೊಯೇಟ್ ಗುಳಿಗೆ ನಡೆದಿದೆ. ಆ ಔಷಧ ಯಕೃತ್ತಿನ ಮೇಲೂ, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳ ಮೇಲೂ ಪರಿಣಾಮ ಬೀರಬಹುದಾದ್ದರಿಂದ ರಕ್ತ ಪರೀಕ್ಷೆ ಮಾಡಿಸಲೇಬೇಕೆಂದು ವೈದ್ಯರು ಹೇಳಿದ್ದಾರೆ. ಈ ಎರಡು ತಿಂಗಳಲ್ಲಿ ಎರಡು ಸಲ ಹೋಗಿ, ಎರಡೂ ಸಲ ರಕ್ತ ಕೊಡದೆ ಮನೆಗೆ ಮರಳಿದ್ದೇವೆ.

ಮೊದಲ ಸಲ ಚೀಟಿ ಮಾಡಿಸಿ ಎರಡು ತಾಸು ಕಾದೆವು. ಜನ ತುಂಬಿದ್ದ ಆ ಹಾಲಿನಲ್ಲಿ ಒಂದು ಟ್ಯೂಬ್‌ಲೈಟ್ ಮಿಣುಕುತ್ತಿತ್ತು, ಮೈಕಿನಲ್ಲಿ ಹೆಸರುಗಳನ್ನು ಕೂಗುತ್ತಿದ್ದರು, ಪಕ್ಕದಲ್ಲಿ ಒಂದು ಕೂಸು ಅಳುತ್ತಿತ್ತು. ಅವನು ನನ್ನ ಇಳಕಲ್ಲ ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡು ಒಂದೂವರೆ ತಾಸು ಹೇಗೋ ತಡೆದ. ನಮ್ಮ ಪಾಳಿ ಬರುವ ಹೊತ್ತಿಗೆ ಅವನ ಶಕ್ತಿ ಮುಗಿದಿತ್ತು. ನೆಲಕ್ಕೆ ಬಿದ್ದು ತಲೆ ಬಡಿದುಕೊಳ್ಳತೊಡಗಿದ್ದರಿಂದ ಎತ್ತಿಕೊಂಡು ಹೊರಗೆ ಬಂದೆವು.

ಎರಡನೆಯ ಸಲ ಬೇರೊಂದು ಕಡೆ ಹೋದೆವು. ಅಲ್ಲಿ ಕಾಯಿಸಲಿಲ್ಲ, ಆದರೆ ಒಳಗೆ ಹೋದ ಕೂಡಲೇ “ಹಿಡೀರಿ ಗಟ್ಟಿ” ಎಂದು ನಾಲ್ಕು ಜನ ಅವನ ಕೈಕಾಲು ಹಿಡಿದರು. ಸೂಜಿ ಜಾರಿತು, ರಕ್ತ ಅಂಗಿಗೆ ತಾಗಿತು, ನಳಿಕೆಗೆ ಒಂದು ಹನಿಯೂ ಬರಲಿಲ್ಲ. “ಮನೆಯಾಗ ಮುದ್ದು ಜಾಸ್ತಿ ಆಗೇತ್ರಿ, ಹಟ ಕಲ್ತಾನ” ಎಂಬ ಮಾತನ್ನೂ ಕೇಳಿಸಿಕೊಂಡು ಬಂದೆ. ಅಂದಿನಿಂದ ರಿಕ್ಷಾ ಆ ರಸ್ತೆಯ ಕಡೆಗೆ ತಿರುಗಿದರೆ ಸಾಕು, ಅವನು ಇಳಿಯಲು ನೋಡುತ್ತಾನೆ.

ಬೇಕಾದ್ದನ್ನು ಕೇಳುವಷ್ಟು ಪದಗಳು ಅವನ ಬಾಯಲ್ಲಿವೆ; ನೋವಿಗೆ ಮಾತ್ರ ಅವನ ಬಳಿ ಪದವಿಲ್ಲ. ಮೂರನೆಯ ಸಲ ಹೋಗುವ ಮುನ್ನ, ಈ ದಾರಿಯಲ್ಲಿ ನಡೆದವರು ಏನು ಮಾಡಿದಿರಿ ಎಂದು ತಿಳಿಯಬೇಕಾಗಿದೆ.


ಟಿಳಕವಾಡಿಯಿಂದ (ಬೆಳಗಾವಿ) · ಸೋಮವಾರ, ರಾತ್ರಿ 11.15

ಅಕ್ಕಾವರೇ, ನಾನು ಮೂವತ್ತೊಂದು ವರ್ಷದ ಸ್ವಲೀನ ವ್ಯಕ್ತಿ. ಇಪ್ಪತ್ತೇಳನೆಯ ವಯಸ್ಸಿನವರೆಗೆ ನನಗೇ ಇದು ಗೊತ್ತಿರಲಿಲ್ಲ. ನಿಮ್ಮ ಮಗನಷ್ಟು ಕಷ್ಟ ನನಗಿಲ್ಲ. ನನಗೆ ಮಾತು ಬರುತ್ತದೆ, ನೌಕರಿಯಿದೆ. ಆದರೆ ಆ ಖುರ್ಚಿಯ ಮೇಲೆ ಕುಳಿತಾಗ ಒಳಗಿನಿಂದ ಏನಾಗುತ್ತದೆ ಎಂಬುದನ್ನು ಹೇಳಬಲ್ಲೆನಾದ್ದರಿಂದ ಬರೆಯುತ್ತಿದ್ದೇನೆ.

ಎಲ್ಲರೂ ಸೂಜಿಯ ಬಗ್ಗೆಯೇ ಯೋಚಿಸುತ್ತಾರೆ. ನನಗೆ ಸೂಜಿ ಕೊನೆಯ ಸಣ್ಣ ಸಂಗತಿ. ಅದಕ್ಕಿಂತ ಮೊದಲು ತೋಳಿಗೆ ಕಟ್ಟುವ ರಬ್ಬರ್ ಪಟ್ಟಿ ಚರ್ಮವನ್ನೂ ಕೂದಲನ್ನೂ ಹಿಡಿದು ಎಳೆಯುತ್ತದೆ. ಸ್ಪಿರಿಟ್ ಹತ್ತಿಯ ವಾಸನೆ ಮೂಗಿಗೆ ಮೊದಲೇ ಬಂದಿರುತ್ತದೆ, ಆಮೇಲೆ ಅದರ ತಂಪು. ನಂತರ ನರ ಹುಡುಕಲು ಬೆರಳಿನಿಂದ ಟಕಟಕ ಎಂದು ಬಡಿಯುವುದು. ಗಟ್ಟಿಯಾಗಿ ಒತ್ತಿ ಹಿಡಿದರೆ ನಾನು ತಾಳಬಲ್ಲೆ, ಆದರೆ ಹಗುರವಾಗಿ ಮುಟ್ಟುತ್ತ ಹುಡುಕಿದರೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಶಬ್ದ, ಬೆಳಕು, ಸ್ಪರ್ಶಗಳಿಗೆ ಹೀಗೆ ಅತಿಯಾಗಿಯೋ ಅತಿ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿಯು 2013ರಲ್ಲಿ ಸ್ವಲೀನತೆಯ ಲಕ್ಷಣಗಳಲ್ಲಿ ಒಂದಾಗಿ ಸೇರಿಸಿತು. ಹೀಗಾಗಿ ಇದಕ್ಕೆ ಮುದ್ದಿನ ಕಾರಣ ಹುಡುಕಬೇಕಾಗಿಲ್ಲ.

ಎರಡನೆಯದು, ನೋವನ್ನು ಹೇಳುವುದು. ಒಮ್ಮೆ ಹೊಟ್ಟೆನೋವೆಂದು ಹೋದಾಗ, “ಹತ್ತರಲ್ಲಿ ಎಷ್ಟು?” ಎಂದು ಕೇಳಿದರು. ಹತ್ತು ಎಂದರೆ ಜಗತ್ತಿನಲ್ಲಿ ಸಾಧ್ಯವಿರುವ ಅತಿ ದೊಡ್ಡ ನೋವು. ಅದು ನನಗೆ ಗೊತ್ತಿಲ್ಲದ ಕಾರಣ, ಯೋಚಿಸಿ ಯೋಚಿಸಿ “ನಾಲ್ಕು” ಎಂದೆ. ಆ ಹೊತ್ತಿಗೆ ನನ್ನ ಮುಖದ ಮೇಲೆ ನಗೆಯಿತ್ತಂತೆ. ಅಪರಿಚಿತರ ಮುಂದೆ ನಗುಮುಖ ಇಟ್ಟುಕೊಳ್ಳಬೇಕೆಂದು ಚಿಕ್ಕಂದಿನಿಂದ ರೂಢಿ ಮಾಡಿಕೊಂಡಿದ್ದೇನೆ, ಅದು ತಾನಾಗಿಯೇ ಬರುತ್ತದೆ. ಆಮ್ಲಪಿತ್ತವೆಂದು ಗುಳಿಗೆ ಕೊಟ್ಟು ಕಳಿಸಿದರು. ಮರುದಿನ ಮಿರಜಕ್ಕೆ ಒಯ್ದು ಅಪೆಂಡಿಕ್ಸ್ ತೆಗೆಸಬೇಕಾಯಿತು. ಆ ವೈದ್ಯರನ್ನು ದೂರುವುದಿಲ್ಲ. ಅವರು ಕೇಳಿದ್ದಕ್ಕೆ ನಾನು ಸರಿಯಾಗಿಯೇ ಉತ್ತರಿಸಿದ್ದೆ, ಅವರು ನನ್ನ ಮುಖವನ್ನು ಎಲ್ಲರ ಮುಖದಂತೆಯೇ ಓದಿದ್ದರು. ಸ್ವತಃ ಸ್ವಲೀನರಾಗಿರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ಅವರು 2012ರಲ್ಲಿ ಬರೆದದ್ದು ಇದನ್ನೇ: ಅರ್ಥವಾಗದಿರುವುದು ಒಂದೇ ಕಡೆಯ ಕೊರತೆಯಲ್ಲ, ಎರಡೂ ಕಡೆಯವರು ಒಬ್ಬರನ್ನೊಬ್ಬರು ತಪ್ಪಾಗಿ ಓದುತ್ತಾರೆ. ಈಗ ನಾನು ಅಂಕಿ ಹೇಳುವುದನ್ನು ಬಿಟ್ಟಿದ್ದೇನೆ. “ನಿನ್ನೆಯಿಂದ ಊಟ ಸೇರಿಲ್ಲ, ನೆಟ್ಟಗೆ ನಿಲ್ಲಲು ಆಗುತ್ತಿಲ್ಲ, ಮೂರು ಸಲ ನಿದ್ರೆಯಿಂದ ಎಚ್ಚರವಾಯಿತು” ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡುತ್ತೇನೆ.

ಬೆಳಗಾವಿಯಲ್ಲಿ ಇನ್ನೊಂದು ತೊಡಕಿದೆ. ಸಿಸ್ಟರ್ ಮರಾಠಿಯಲ್ಲಿ ಆರಂಭಿಸಿ, ಡಾಕ್ಟರು ಹಿಂದಿಗೆ ಹೊರಳಿ, ಕಂಪೌಂಡರು ಕನ್ನಡದಲ್ಲಿ ಮುಗಿಸುತ್ತಾರೆ. ಉಳಿದವರಿಗೆ ಇದು ಊರಿನ ಸೊಗಸು. ಒಂದು ಪದಕ್ಕೆ ಒಂದೇ ಅರ್ಥವೆಂದು ಕಷ್ಟಪಟ್ಟು ಕಲಿತ ಮಗುವಿಗೆ ಮಾತ್ರ “ಬಸಾ”, “ಬೈಠೋ”, “ಕೂಡು” ಎಂಬವು ಮೂರು ಬೇರೆ ಬೇರೆ ಆಜ್ಞೆಗಳು.


ಹಗಲು-ರಾತ್ರಿ ಪಾಳಿ (ವಿಜಯಪುರ ಜಿಲ್ಲೆ) · ಮಂಗಳವಾರ, ಬೆಳಿಗ್ಗೆ 6.05

ನಾನು ಶುಶ್ರೂಷಕಿ. ರಾತ್ರಿ ಕೆಲಸ ಮುಗಿಸಿ ಬರೆಯುತ್ತಿರುವುದರಿಂದ ಮಾತು ಒರಟಾದರೆ ಕ್ಷಮಿಸಿ. ಕೈಕಾಲು ಹಿಡಿದವರೆಲ್ಲ ಕಟುಕರೆಂಬ ಧ್ವನಿ ಮೇಲಿನ ಬರಹದಲ್ಲಿ ಕೇಳಿತು. ಒಂದು ಬೆಳಗಿನಲ್ಲಿ ನೂರಕ್ಕೂ ಹೆಚ್ಚು ಜನರ ರಕ್ತ ತೆಗೆಯಬೇಕಾದ ಕಡೆ ನಾವು ಇಬ್ಬರೇ ಇರುತ್ತೇವೆ. ಸೂಜಿ ಒಳಗಿರುವಾಗ ಮಗು ಕೈ ಎಳೆದರೆ ನರ ಹರಿಯುತ್ತದೆ, ಅದೇ ಸೂಜಿ ನಮ್ಮ ಕೈಗೂ ಚುಚ್ಚುತ್ತದೆ. ಸೂಜಿ ಚುಚ್ಚಿಸಿಕೊಂಡ ಸಹೋದ್ಯೋಗಿಯೊಬ್ಬರು ಪರೀಕ್ಷೆಯ ಫಲಿತಾಂಶ ಬರುವವರೆಗೆ ಮನೆಯಲ್ಲಿ ತಮ್ಮ ಕೂಸನ್ನು ಎತ್ತಿಕೊಳ್ಳಲು ಹೆದರಿದ್ದನ್ನು ನೋಡಿದ್ದೇನೆ. ಮಗುವಿಗೆ ಸ್ವಲೀನತೆಯಿದೆ ಎಂದು ಚೀಟಿಯಲ್ಲಿ ಯಾರೂ ಬರೆದಿರುವುದಿಲ್ಲ, ತಂದೆತಾಯಿಯೂ ಮೊದಲೇ ಹೇಳುವುದಿಲ್ಲ. ನಮ್ಮ ತರಬೇತಿಯಲ್ಲಿ ಈ ವಿಷಯಕ್ಕೆ ಒಂದು ಪುಟವಿತ್ತೋ ಎರಡು ಪುಟವಿತ್ತೋ ನೆನಪಿಲ್ಲ.


ನವನಗರದ ಅವ್ವ · ಮಂಗಳವಾರ, ಬೆಳಿಗ್ಗೆ 10.20

ಸಿಸ್ಟರ್, ನಿಮ್ಮ ಮಾತು ಒಪ್ಪತಕ್ಕದ್ದು. ನಾನು ಮೊದಲೇ ಹೇಳಿರಲಿಲ್ಲ. ಹೇಳಿದರೆ “ಇಂಥ ಹುಡುಗನ್ನ ಇಲ್ಲಿ ಯಾಕ ತಂದ್ರಿ” ಎಂದಾರೆಂಬ ಅಂಜಿಕೆಯಿಂದ ಬಾಯಿ ಬಿಡಲಿಲ್ಲ. ಆದರೆ ಹಿಡಿದ ಮೇಲೂ ರಕ್ತ ಬರಲಿಲ್ಲವಲ್ಲ, ಬಂದದ್ದು ಭಯ ಮಾತ್ರ. ಆ ಭಯವನ್ನು ಇಳಿಸಲು ಈಗ ಎಷ್ಟು ತಿಂಗಳು ಬೇಕೋ.


ಹಲ್ಲಿನ ವೈದ್ಯೆ (ವಿಜಯಪುರ) · ಮಂಗಳವಾರ, ಮಧ್ಯಾಹ್ನ 3.30

ತಾಯಿಯವರೂ ಸಿಸ್ಟರ್ ಅವರೂ ಹೇಳುತ್ತಿರುವುದು ಒಂದೇ ಖುರ್ಚಿಯ ಎರಡು ಬದಿಗಳು. ನನ್ನ ಕಡೆಯಿಂದ ಕಲಿತದ್ದನ್ನು ಬರೆಯುತ್ತೇನೆ. ಕಲಿತದ್ದರಲ್ಲಿ ಅರ್ಧ ತಪ್ಪು ಮಾಡಿಯೇ ಕಲಿತದ್ದು.

ಕೆಲವು ವರ್ಷಗಳ ಹಿಂದೆ ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಕರೆತಂದರು. ಆಕೆಗೆ ಮಾತಿರಲಿಲ್ಲ. ಎರಡು ತಿಂಗಳಿನಿಂದ ತನ್ನ ದವಡೆಗೆ ತಾನೇ ಗುದ್ದಿಕೊಳ್ಳುತ್ತಿದ್ದಳು, ರಾತ್ರಿ ಮಲಗುತ್ತಿರಲಿಲ್ಲ. ಅದು ಸ್ವಲೀನತೆಯ ನಡವಳಿಕೆಯೇ ಎಂದು ತಿಳಿದು, ಆಕೆಯನ್ನು ಶಾಂತಗೊಳಿಸುವ ಔಷಧದ ಪ್ರಮಾಣವನ್ನು ಎರಡು ಸಲ ಏರಿಸಿದ್ದರು. ಬಾಯಿ ತೆರೆಸಿ ನೋಡಿದರೆ ಕೆಳಗಿನ ದವಡೆಹಲ್ಲಿನ ಬೇರಿನಲ್ಲಿ ಕೀವು ತುಂಬಿತ್ತು. ಹಲ್ಲು ಕಿತ್ತ ಮೇಲೆ ಗುದ್ದಿಕೊಳ್ಳುವುದು ವಾರದೊಳಗೆ ನಿಂತಿತು. ಮಾತಿಲ್ಲದ ವ್ಯಕ್ತಿಯ ನಡವಳಿಕೆ ದಿಢೀರನೆ ಬದಲಾದರೆ ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು, ಹೆಣ್ಣುಮಕ್ಕಳಲ್ಲಿ ಮುಟ್ಟಿನ ನೋವು, ಇವುಗಳನ್ನು ನೋಡದೆ ನಡವಳಿಕೆಯ ಔಷಧಕ್ಕೆ ಕೈಹಾಕಬಾರದೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಚಿಕಿತ್ಸಾ ಕೋಣೆಯ ವಿಷಯ. ನಮ್ಮೂರಿನ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ತಿರುಗಿ ಬರುವುದನ್ನು ಕೇಳಲು ಜನ ಟಿಕೀಟು ಕೊಂಡು ಹೋಗುತ್ತಾರೆ. ಗೋಡೆಗೂ ನೆಲಕ್ಕೂ ಟೈಲ್ಸ್ ಹಾಕಿದ ನಮ್ಮ ದವಾಖಾನೆಗಳ ಹಾಲುಗಳು ಕೆಲವು ಮಕ್ಕಳಿಗೆ ಅಂಥದೇ ಗುಮ್ಮಟ, ಬೇಡವೆಂದಾಗ ಇಳಿದು ಬರುವ ಮೆಟ್ಟಿಲು ಮಾತ್ರ ಇರುವುದಿಲ್ಲ. ಹಲ್ಲು ಕೊರೆಯುವ ಯಂತ್ರದ ಕೀರಲು ಸದ್ದು, ಜೊಲ್ಲು ಹೀರುವ ಕೊಳವೆಯ ಸದ್ದು, ಕಣ್ಣಿಗೆ ಹೊಡೆಯುವ ದೀಪ, ಒಮ್ಮೆಲೇ ಹಿಂದಕ್ಕೆ ಬಾಗುವ ಖುರ್ಚಿ, ಎಲ್ಲವೂ ಒಂದೇ ನಿಮಿಷದಲ್ಲಿ ಮೈಮೇಲೆ ಬರುತ್ತವೆ. ನಾನು ಈಗ ಮೊದಲ ಭೇಟಿಯಲ್ಲಿ ಚಿಕಿತ್ಸೆಯನ್ನೇ ಮಾಡುವುದಿಲ್ಲ. ಖುರ್ಚಿಯನ್ನು ಮೊದಲೇ ಬಾಗಿಸಿಟ್ಟು, ಮಗು ತಾನಾಗಿ ಹತ್ತಿ ಮಲಗಿದರೆ ಅಂದಿನ ಕೆಲಸ ಮುಗಿಯಿತು. ಎರಡನೆಯ ಭೇಟಿಯಲ್ಲಿ ಪುಟ್ಟ ಕನ್ನಡಿಯನ್ನು ಅದರ ಕೈಗೇ ಕೊಡುತ್ತೇನೆ. ಹೇಳು, ತೋರಿಸು, ಆಮೇಲೆ ಮಾಡು ಎಂಬುದು ಮಕ್ಕಳ ದಂತವೈದ್ಯಕೀಯದ ಹಳೆಯ ಪಾಠ. ಈ ಮಕ್ಕಳಿಗೆ ಹೇಳುವುದನ್ನು ಕಡಿಮೆ ಮಾಡಿ ತೋರಿಸುವುದನ್ನು ಹೆಚ್ಚಿಸಬೇಕಷ್ಟೇ. ಹೀಗೆ ಮಾಡಿದರೆ ದುಡಿಮೆ ಆಗುತ್ತದೆಯೇ ಎಂದು ನನ್ನ ಯಜಮಾನರು ಕೇಳುತ್ತಾರೆ. ಆಗುವುದಿಲ್ಲ. ವಾರದಲ್ಲಿ ಒಂದು ಮಧ್ಯಾಹ್ನವನ್ನು ಅದಕ್ಕೆಂದೇ ಬಿಟ್ಟಿದ್ದೇನೆ.

ಕೆಲವರಿಗೆ ಇಷ್ಟೂ ಸಾಲದು, ಪೂರ್ಣ ಅರಿವಳಿಕೆ ಕೊಟ್ಟೇ ಮಾಡಬೇಕಾಗುತ್ತದೆ. ಅದರಲ್ಲಿ ಸೋಲೇನೂ ಇಲ್ಲ. ಆದರೆ ಅರಿವಳಿಕೆಗೆ ಮುನ್ನ ಸಾಮಾನ್ಯವಾಗಿ ಆರು ತಾಸು ಘನ ಆಹಾರ, ಎರಡು ತಾಸು ನೀರೂ ಇಲ್ಲದಂತೆ ಇರಿಸಬೇಕು. ಎಂಟು ಗಂಟೆಗೆ ರೊಟ್ಟಿ ಎಂದರೆ ಎಂಟಕ್ಕೇ ರೊಟ್ಟಿ ಬೇಕಾದ ಮಗುವಿಗೆ ಇದು ಸೂಜಿಗಿಂತ ದೊಡ್ಡ ಶಿಕ್ಷೆ. ಆದ್ದರಿಂದ ಅಂದಿನ ಪಟ್ಟಿಯಲ್ಲಿ ಮೊದಲ ಹೆಸರು ನಮ್ಮದೇ ಇರಲಿ ಎಂದು ಬಾಯಿಬಿಟ್ಟು ಕೇಳಿ. ಅದೇ ಅರಿವಳಿಕೆಯಲ್ಲಿ ಬಾಕಿಯಿರುವ ರಕ್ತ ಪರೀಕ್ಷೆಯನ್ನೂ ಕಿವಿಯ ತಪಾಸಣೆಯನ್ನೂ ಮುಗಿಸಬಹುದೇ ಎಂದು ವೈದ್ಯರೊಡನೆ ಮಾತಾಡಿ.


ಮುಧೋಳದ ಅಜ್ಜ · ಮಂಗಳವಾರ, ಸಂಜೆ 7.00

ಮಗುವಿಗೆ ಮೊದಲೇ ತಿಳಿಸಿ, ಚಿತ್ರ ತೋರಿಸಿ ಎಂದು ಎಲ್ಲ ಕಡೆ ಹೇಳುತ್ತಾರೆ. ನಮ್ಮ ಮೊಮ್ಮಗಳಿಗೆ ಸೋಮವಾರ ಹೇಳಿದರೆ ಗುರುವಾರದ ಸೂಜಿಗೆ ಮೂರು ದಿನ ಉಣ್ಣುವುದಿಲ್ಲ, ಮಲಗುವುದಿಲ್ಲ. “ಸೂಜಿ, ಸೂಜಿ” ಎಂದು ಮನೆ ತುಂಬ ಅಲೆಯುತ್ತಾಳೆ. ಅದಕ್ಕೇ ನಾನು ಸಂತೆಗೆ ಹೋಗೋಣ ಬಾ ಎಂದು ಕರೆದೊಯ್ಯುತ್ತೇನೆ. ಸುಳ್ಳೇ ಸರಿ, ಮೂರು ದಿನದ ನರಕವಾದರೂ ತಪ್ಪುತ್ತದೆ. ತಪ್ಪೆನಿಸಿದರೆ ಹಿರಿಯನೆಂದು ನೋಡದೆ ಹೇಳಿ.


ಟಿಳಕವಾಡಿಯಿಂದ · ಮಂಗಳವಾರ, ರಾತ್ರಿ 8.45

ಅಜ್ಜಾರೇ, ಹಿರಿಯರೆಂದು ನೋಡಿಯೇ ಹೇಳುತ್ತೇನೆ. ಮೂರು ದಿನ ಮೊದಲು ಹೇಳುವುದು ಆಕೆಗೆ ಹೊಂದದಿದ್ದರೆ ಅಂದು ಬೆಳಿಗ್ಗೆ ಹೇಳಿ, ಇಲ್ಲವೇ ಒಂದು ತಾಸು ಮೊದಲು ಹೇಳಿ. ಎಷ್ಟು ಮೊದಲು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಸಂತೆ ಎಂದು ಮಾತ್ರ ಹೇಳಬೇಡಿ. ನನ್ನನ್ನು ಚಿಕ್ಕವನಿದ್ದಾಗ ಮಾಮಾನ ಮನೆಗೆಂದು ಹೇಳಿ ಟಾನ್ಸಿಲ್ ಶಸ್ತ್ರಚಿಕಿತ್ಸೆಗೆ ಒಯ್ದಿದ್ದರು. ಮುಂದೆ ಎಷ್ಟೋ ವರ್ಷ ಮಾಮಾನ ಊರಿನ ಬಸ್ಸು ಹತ್ತುವಾಗ ನನಗೆ ಗಂಟಲು ಕಟ್ಟುತ್ತಿತ್ತು. ದವಾಖಾನೆಯ ಭಯ ದವಾಖಾನೆಯಲ್ಲೇ ಉಳಿಯಲಿ, ಸಂತೆಗೆ ಹರಡುವುದು ಬೇಡ.


ಮುಧೋಳದ ಅಜ್ಜ · ಮಂಗಳವಾರ, ರಾತ್ರಿ 9.10

ಈಚೆಗೆ ಆಕೆ ಸಂತೆಗೂ ಬರಲೊಲ್ಲಳು. ಕಾರಣ ಇದಿರಬಹುದೆಂದು ನನಗೆ ಹೊಳೆದಿರಲಿಲ್ಲ.


ಜಮಖಂಡಿಯವರು · ಬುಧವಾರ, ಬೆಳಿಗ್ಗೆ 8.30

ನಮ್ಮ ಹುಡುಗನ ಇಇಜಿಗೆ, ಅಂದರೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಪರೀಕ್ಷೆಗೆ, ಹಿಂದಿನ ರಾತ್ರಿ ನಿದ್ದೆಗೆಡಿಸಿ ಕರೆತನ್ನಿ ಎಂದಿದ್ದರು. ತಲೆಗೆ ಅಂಟು ಹಚ್ಚಿ ತಂತಿಗಳನ್ನು ಕೂರಿಸುತ್ತಾರೆ. ಕ್ಷೌರಿಕನನ್ನೇ ಹತ್ತಿರ ಬಿಡದ ಹುಡುಗ ಅವನು. ಒಂದು ತಿಂಗಳು ಮೊದಲಿನಿಂದ ಪ್ರತಿ ಸಂಜೆ ಅವನ ತಲೆಗೆ ಕೊಬ್ಬರಿ ಎಣ್ಣೆಯ ಬೊಟ್ಟುಗಳನ್ನಿಟ್ಟು, ಮೇಲೊಂದು ಬಟ್ಟೆಯ ಪಟ್ಟಿ ಸುತ್ತಿ, ಹತ್ತು ಎಣಿಸಿ ಬಿಚ್ಚುತ್ತಿದ್ದೆವು. ಕೊನೆಕೊನೆಗೆ ಇನ್ನೂರು ಎಣಿಸುವವರೆಗೆ ಕುಳಿತುಕೊಳ್ಳುತ್ತಿದ್ದ. ಪರೀಕ್ಷೆ ಆಯಿತು. ಎಮ್‌ಆರ್‌ಐ ಮಾತ್ರ ಅರಿವಳಿಕೆ ಇಲ್ಲದೆ ಆಗಲಿಲ್ಲ, ಆ ಯಂತ್ರದ ಬಡಿತಕ್ಕೆ ನನಗೇ ಎದೆ ಹಾರಿತ್ತು.


ಗೋಕಾಕದ ಅಪ್ಪ (ಬೆಳಗಾವಿ ಜಿಲ್ಲೆ) · ಬುಧವಾರ, ರಾತ್ರಿ 10.00

ಮೇಲಿನ ಬರಹಗಳನ್ನು ಓದುವಾಗ, ನಾವೆಲ್ಲ ಯಾರದೋ ಕೃಪೆಯನ್ನು ಬೇಡುತ್ತಿರುವಂತೆ ಅನಿಸಿತು. ಕಾನೂನು ಹಾಗೆ ಹೇಳುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಪಟ್ಟಿ ಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು; 1995ರ ಹಳೆಯ ಕಾಯ್ದೆಯಲ್ಲಿದ್ದ ಏಳರಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಹೊಸ ಕಾಯ್ದೆಯ 25ನೆಯ ಕಲಮು, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ವಿಕಲಚೇತನರಿಗೆ ಆದ್ಯತೆ ದೊರೆಯಬೇಕೆಂದೂ, ಸರಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡರಲ್ಲೂ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದೂ ಹೇಳುತ್ತದೆ. ಅಡೆತಡೆ ಎಂದೊಡನೆ ಎಲ್ಲರೂ ಗಾಲಿಖುರ್ಚಿಯ ಇಳಿಜಾರನ್ನೇ ನೆನೆಯುತ್ತಾರೆ. ನನ್ನ ಮಗಳಿಗೆ ಎರಡು ತಾಸಿನ ಪಾಳಿಯೇ ಮೆಟ್ಟಿಲು.

ವಿಕಲಚೇತನರಿಗೆ ಸರಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡನ್ನು ಕೊರಳಿಗೆ ಹಾಕಿಸಿ, ಕಾಯ್ದೆಯ ಆ ಕಲಮಿನ ಒಂದು ಪ್ರತಿಯನ್ನು ಚೀಟಿಯ ಜೊತೆ ಇಟ್ಟುಕೊಂಡು ಹೋಗುತ್ತೇನೆ. ಜಗಳವಾಡುವುದಿಲ್ಲ, ತೋರಿಸುತ್ತೇನೆ. ಹತ್ತು ಕಡೆಯಲ್ಲಿ ಏಳು ಕಡೆ “ಒಳಗ ಬರ್ರಿ” ಎಂದಿದ್ದಾರೆ. ಉಳಿದ ಕಡೆ, ಪಾಳಿಯಲ್ಲಿದ್ದವರೇ “ನಾವೇನ ಸುಮ್ನ ನಿಂತೇವೇನು” ಎಂದು ತಿರುಗಿಬಿದ್ದಿದ್ದಾರೆ. ಅವರ ಮಕ್ಕಳಿಗೂ ಜ್ವರವಿರುತ್ತದೆ, ಅವರ ಮಾತಿಗೆ ನನ್ನಲ್ಲಿ ಉತ್ತರವಿಲ್ಲ.

ಆ ಕಾರ್ಡು ಪಡೆಯುವುದೂ ಒಂದು ದವಾಖಾನೆಯ ಭೇಟಿಯೇ ಎಂಬುದನ್ನು ಮರೆಯುವಂತಿಲ್ಲ. ಪ್ರಮಾಣಪತ್ರಕ್ಕಾಗಿ ನಮ್ಮ ದೇಶದಲ್ಲಿ ಬಳಸುವ ಐಸಾ ಎಂಬ ಮಾಪಕದಲ್ಲಿ 40 ಅಂಶಗಳಿವೆ, 70ಕ್ಕಿಂತ ಕಡಿಮೆ ಅಂಕ ಬಂದರೆ ಸ್ವಲೀನತೆ ಇಲ್ಲವೆಂದು ಅರ್ಥ. ನನ್ನ ಮಗಳನ್ನು ಗದ್ದಲದ ಮೊಗಸಾಲೆಯಲ್ಲಿ ಮೂರು ತಾಸು ಕೂರಿಸಿ, ದಣಿದು ನಿದ್ದೆಗೆ ಜಾರಿದವಳನ್ನು ಎಬ್ಬಿಸಿ ನೋಡಿದರು. ಅಂಥ ಸ್ಥಿತಿಯಲ್ಲಿ ಕೊಟ್ಟ ಅಂಕ ಅವಳದೋ, ಆ ಮೊಗಸಾಲೆಯದೋ?

ಇನ್ನೆರಡು ಮಾತು. 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆಯಿದೆ, ಒಂದು ಲಕ್ಷ ರೂಪಾಯಿಯವರೆಗೆ. ಅದಕ್ಕೆ ಸೇರುವ ಮುನ್ನ ವೈದ್ಯಕೀಯ ಪರೀಕ್ಷೆ ಬೇಕಾಗಿಲ್ಲವೆಂಬುದೇ ನಮ್ಮಂಥವರಿಗೆ ದೊಡ್ಡ ನೆಮ್ಮದಿ. ಮತ್ತೆ, ಮಗುವಿಗೆ ಹದಿನೆಂಟು ತುಂಬಿದ ಮೇಲೆ ಶಸ್ತ್ರಚಿಕಿತ್ಸೆಯ ಒಪ್ಪಿಗೆಪತ್ರಕ್ಕೆ ತಂದೆಯ ಸಹಿ ತಾನಾಗಿಯೇ ಸಲ್ಲುವುದಿಲ್ಲ. ಅದೇ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಆದೇಶ ಪಡೆಯಬೇಕಾಗಬಹುದು. ತುರ್ತು ಬಂದ ದಿನ ಓಡಾಡುವ ಬದಲು ಮೊದಲೇ ವಿಚಾರಿಸಿಡಿ.


ಹಗಲು-ರಾತ್ರಿ ಪಾಳಿ · ಗುರುವಾರ, ಬೆಳಿಗ್ಗೆ 6.30

ಕಾನೂನಿನ ಪ್ರತಿ ನೋಡಿದರೆ ನಮಗೆ ಸಿಟ್ಟು ಬರುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಹಿಂದಿನ ದಿನ ಬಂದು “ನಾಳೆ ಇಂಥ ಮಗುವನ್ನು ತರುತ್ತೇವೆ, ಯಾವ ಹೊತ್ತಿಗೆ ಗದ್ದಲ ಕಡಿಮೆ?” ಎಂದು ಕೇಳಿದರೆ ಬಹುತೇಕ ಯಾವ ಸಿಸ್ಟರೂ ಇಲ್ಲವೆನ್ನುವುದಿಲ್ಲ.

ನವನಗರದ ಅಕ್ಕಾವರೇ, ರಕ್ತದಲ್ಲಿ ವಾಲ್ಪ್ರೊಯೇಟ್ ಪ್ರಮಾಣವನ್ನೂ ನೋಡುವುದಿದ್ದರೆ ಸಾಮಾನ್ಯವಾಗಿ ಬೆಳಗಿನ ಗುಳಿಗೆ ಕೊಡುವ ಮೊದಲೇ ರಕ್ತ ತೆಗೆಯಬೇಕು. ಆ ಹೊತ್ತಿಗೆ ಪ್ರಯೋಗಾಲಯವೂ ಖಾಲಿಯಿರುತ್ತದೆ, ಗುಳಿಗೆ ತಡವಾಗುವ ಭಯವೂ ಇರುವುದಿಲ್ಲ. ಲಿಗ್ನೊಕೇನ್ ಮತ್ತು ಪ್ರಿಲೊಕೇನ್ ಸೇರಿದ ಮರಗಟ್ಟಿಸುವ ಮುಲಾಮಿನ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಸುಮಾರು ಒಂದು ತಾಸು ಮೊದಲು ಹಚ್ಚಿ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿರಬೇಕು. ಆ ಹೊದಿಕೆಯ ಅಂಟನ್ನು ಕೀಳುವುದೇ ಕೆಲವರಿಗೆ ಸೂಜಿಗಿಂತ ಕಷ್ಟ, ಮನೆಯಲ್ಲಿ ಒಂದು ಸಲ ಬರೀ ಹೊದಿಕೆ ಹಚ್ಚಿ ನೋಡಿ. ರಬ್ಬರ್ ಪಟ್ಟಿಯನ್ನು ಅಂಗಿಯ ತೋಳಿನ ಮೇಲೆಯೇ ಕಟ್ಟಬಹುದು. ಟಿಳಕವಾಡಿಯವರು ಬರೆದ ಕೂದಲಿನ ಮಾತು ಓದುವವರೆಗೆ, ಇಷ್ಟು ವರ್ಷದಲ್ಲಿ, ನನಗೆ ಅದು ತೋಚಿರಲಿಲ್ಲ.


ನವನಗರದ ಅವ್ವ · ಮೂರು ವಾರಗಳ ನಂತರ, ಶನಿವಾರ, ಮಧ್ಯಾಹ್ನ 12.15

ನಿಮಗೆಲ್ಲ ವರದಿ ಒಪ್ಪಿಸಬೇಕಲ್ಲವೇ.

ಮೂರನೆಯ ಕಡೆಯೊಂದಕ್ಕೆ ನಾನೊಬ್ಬಳೇ ಮೊದಲು ಹೋಗಿ ಬಂದೆ. ಬಾಗಿಲು, ಖುರ್ಚಿ, ರಬ್ಬರ್ ಪಟ್ಟಿ, ಹತ್ತಿ, ಸೂಜಿ, ಪಟ್ಟಿ ಅಂಟಿಸಿದ ತೋಳು, ರಿಕ್ಷಾ, ಮನೆ, ಹೀಗೆ ಎಂಟು ಫೋಟೋ ತೆಗೆದು ರಟ್ಟಿನ ಮೇಲೆ ಸಾಲಾಗಿ ಅಂಟಿಸಿದೆ. ಸೂಜಿಯ ಚಿತ್ರವನ್ನು ಅವನು ಮೊದಲ ದಿನವೇ ಕಿತ್ತೆಸೆದ. ಮತ್ತೆ ಅಂಟಿಸಿದೆ, ಮತ್ತೆ ಕಿತ್ತ. ಐದನೆಯ ದಿನ ಕೀಳಲಿಲ್ಲ, ಅದರ ಮೇಲೆ ಬೆರಳಿಟ್ಟು “ಆಮ್ಯಾಲ ರಿಕ್ಷಾ” ಎಂದ.

ಕಳೆದ ವಾರ ಬೆಳಿಗ್ಗೆ ಏಳೂವರೆಗೆ ಹೋದೆವು, ರಟ್ಟನ್ನೂ ಒಯ್ದಿದ್ದೆವು. ಸಿಸ್ಟರ್ ಟ್ಯೂಬ್‌ಲೈಟ್ ಆರಿಸಿ ಕಿಟಕಿ ತೆರೆದರು, ಅಂಗಿಯ ಮೇಲೆಯೇ ಪಟ್ಟಿ ಕಟ್ಟಿದರು. ಅವನು ಕಿರುಚಿದ; ಕಿರುಚಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಅವನಪ್ಪ ಭುಜವನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ಒತ್ತಿ ಹಿಡಿದಿದ್ದರು, ಬೇರೆ ಯಾರೂ ಮುಟ್ಟಲಿಲ್ಲ. ಒಂದು ನಳಿಕೆ ತುಂಬಿತು. ಎರಡನೆಯದು ಬೇಕಿತ್ತು, ಅಷ್ಟರಲ್ಲಿ ಅವನು ಎದ್ದು ರಟ್ಟಿನ ಮೇಲಿನ ರಿಕ್ಷಾದ ಚಿತ್ರವನ್ನು ಬಡಿಯತೊಡಗಿದ. ಸಿಸ್ಟರ್ ನನ್ನ ಮುಖ ನೋಡಿದರು, ಆಮೇಲೆ ಆ ಚಿತ್ರ ನೋಡಿ, “ಇದರಾಗ ಎಷ್ಟ ಆಗ್ತಾವೋ ಅಷ್ಟ ಪರೀಕ್ಷೆ ಮಾಡೋಣ್ರಿ” ಎಂದು ಸೂಜಿ ಕೆಳಗಿಟ್ಟರು.

ಯಕೃತ್ತಿನ ವರದಿ ಬಂದಿದೆ, ಸರಿಯಿದೆಯಂತೆ. ಪ್ಲೇಟ್‌ಲೆಟ್‌ಗೆ ಬೇರೆ ನಳಿಕೆ ಬೇಕಿದ್ದರಿಂದ ಅದು ಬಾಕಿ ಉಳಿದಿದೆ. ಬರುವ ಗುರುವಾರ ಮತ್ತೆ ಏಳೂವರೆಗೆ ಹೋಗಬೇಕು. ರಟ್ಟನ್ನು ಅವನು ಹಾಸಿಗೆಯ ಕೆಳಗೆ ಬಚ್ಚಿಟ್ಟಿದ್ದಾನೆ, ಕೇಳಿದರೆ ಕೊಡುತ್ತಿಲ್ಲ. ಇದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿದವರು ಹೇಳಿ.


ಟಿಳಕವಾಡಿಯಿಂದ · ಶನಿವಾರ, ಮಧ್ಯಾಹ್ನ 12.40

ಇನ್ನೊಂದು ರಟ್ಟು ಮಾಡಿ, ಅಕ್ಕಾವರೇ. ಅದು ಅವನದಾಯಿತು. ಈ ಸಲ ನಳಿಕೆ ಒಂದೇ ಆದರೆ ಒಂದೇ ನಳಿಕೆಯ ಚಿತ್ರ ಹಾಕಿ, ಎರಡಾದರೆ ಎರಡು.